ಬೆರಳ ತುದಿಯಲ್ಲಿ ಕಲಿತ ಕೆಲಸ

ಡೆಂಟಲ್ ಹೈಜೀನಿಸ್ಟ್, ಅಂದರೆ ಹಲ್ಲು ಕ್ಲೀನ್ ಮಾಡಿ ವಸಡನ್ನು ನೋಡಿಕೊಳ್ಳುವವಳು, ಆಗಲು ಕಾಲೇಜಿಗೆ ಸೇರಿದಾಗ, ಕನ್ನಡಿ ಹಿಡಿದು ಬಾಯಿಯೊಳಗೆ ಚೆನ್ನಾಗಿ ನೋಡೋದು ಕಲಿತರೆ ಸಾಕು ಅಂದುಕೊಂಡಿದ್ದೆ. ಆದರೆ ಈ ಕೆಲಸದಲ್ಲಿ ಕಣ್ಣಿಗಿಂತ ಬೆರಳೇ ಜಾಸ್ತಿ ನೋಡುತ್ತದೆ. ತೆಗೆಯಬೇಕಾದ ಗಾರೆ, ಅಂದರೆ ಹಲ್ಲಿನ ಮೇಲೆ ಕಲ್ಲಿನಂತೆ ಗಟ್ಟಿಯಾದ ಕೊಳೆ, ಎಷ್ಟೋ ಸಲ ವಸಡಿನ ಕೆಳಗೆ, ಬೇರಿಗೆ ಅಂಟಿಕೊಂಡು ಕೂತಿರುತ್ತದೆ. ಅದು ಕಾಣುವುದಿಲ್ಲ. ಎಕ್ಸ್‌ಪ್ಲೋರರ್ ಎಂಬ ತೆಳ್ಳನೆಯ ಕಡ್ಡಿಯನ್ನು ಹಲ್ಲಿನ ಮೇಲೆ ಮೆಲ್ಲಗೆ ಆಡಿಸಿದಾಗ ತುದಿ ಸಣ್ಣಗೆ ತಡವರಿಸುತ್ತದೆ, ಅಷ್ಟೇ. ಆ ತಡವರಿಕೆ ಬೆರಳಿಗೆ ತಿಳಿಯಬೇಕು.

ನನಗೆ ಅದು ತಿಂಗಳುಗಟ್ಟಲೆ ತಿಳಿಯಲಿಲ್ಲ. ಪ್ಲಾಸ್ಟಿಕ್ ಹಲ್ಲಿನ ಬೊಂಬೆಯ ಮೇಲೆ ಅಭ್ಯಾಸ ಮಾಡುವಾಗ ಮೇಡಂ ಪಕ್ಕದಲ್ಲಿ ಬಂದು ನಿಂತು ನನ್ನ ಉಗುರು ನೋಡುತ್ತಿದ್ದರು. "ಉಗುರು ಬೆಳ್ಳಗಾಗಿದೆ ನೋಡು. ಅಷ್ಟು ಬಿಗಿಯಾಗಿ ಹಿಡಿದರೆ ಏನೂ ಗೊತ್ತಾಗಲ್ಲ" ಅನ್ನುತ್ತಿದ್ದರು. ಹುಡುಕುವಾಗ ಹಿಡಿತ ಸಡಿಲ ಇರಬೇಕು. ಗಾರೆ ಕೆರೆಯುವ ಕ್ಷಣದಲ್ಲಿ ಮಾತ್ರ ಬಿಗಿಯಾಗಬೇಕು, ಮತ್ತೆ ಸಡಿಲಾಗಬೇಕು. ಉಂಗುರದ ಬೆರಳು ಯಾವಾಗಲೂ ಹತ್ತಿರದ ಒಂದು ಹಲ್ಲಿನ ಮೇಲೆ ಊರಿಕೊಂಡಿರಬೇಕು. ಆ ಆಸರೆ ತಪ್ಪಿದರೆ ಕೈ ಜಾರುತ್ತದೆ, ವಸಡಿಗೆ ಗಾಯವಾಗುತ್ತದೆ.

ನನಗೆ ಅತಿ ದೊಡ್ಡ ಪಾಠ ಕಲಿಸಿದ್ದು ಒಂದು ಮೊಂಡು ಕ್ಯುರೆಟ್, ಅಂದರೆ ಗಾರೆ ಕೆರೆಯುವ ಅಲಗಿನ ಕಡ್ಡಿ. ಒಬ್ಬರ ದವಡೆ ಹಲ್ಲು ಕ್ಲೀನ್ ಮಾಡಿ, ಎಕ್ಸ್‌ಪ್ಲೋರರ್ ಆಡಿಸಿ ನೋಡಿದೆ. ನುಣುಪಾಗಿತ್ತು. ಮುಗಿಯಿತು ಅಂದೆ. ಮೇಡಂ ಪರೀಕ್ಷಿಸಿ, ಗಾರೆ ಇನ್ನೂ ಇದೆ ಅಂದರು. ಮೊಂಡಾದ ಅಲಗು ಗಾರೆಯನ್ನು ಕಿತ್ತು ತೆಗೆಯುವ ಬದಲು ಮೇಲ್ಮೈಯನ್ನು ತೀಡಿ ನುಣುಪು ಮಾಡಿಬಿಡುತ್ತದೆ. ಆಮೇಲೆ ಅದು ಹಲ್ಲಿನಷ್ಟೇ ನಯವಾಗಿ ಬೆರಳಿಗೆ ಮೋಸ ಮಾಡುತ್ತದೆ, ತೆಗೆಯೋದೂ ಕಷ್ಟ. ಅಂದಿನಿಂದ ಅಲಗು ಮಸೆಯೋದನ್ನು ನಾನು ಒಂದು ದಿನವೂ ಮುಂದೂಡಿಲ್ಲ. ಪ್ಲಾಸ್ಟಿಕ್ ಕಡ್ಡಿಯ ಮೇಲೆ ಇಟ್ಟು ನೋಡಿದರೆ ಚೂಪಾದ ಅಲಗು ಕಚ್ಚಿಕೊಳ್ಳುತ್ತದೆ, ಮೊಂಡಾಗಿದ್ದರೆ ಜಾರುತ್ತದೆ. ಗ್ರೇಸಿ ಎಂಬ ಬಗೆಯ ಕ್ಯುರೆಟ್‌ಗಳಲ್ಲಿ ಯಾವ ನಂಬರ್ ಯಾವ ಜಾಗಕ್ಕೆ ಅನ್ನೋದನ್ನೂ ಹೀಗೆ ಕೈಯಲ್ಲೇ ಕಲಿಯಬೇಕು. ಹಿಂದಿನ ಹಲ್ಲುಗಳ ಮುಂಬದಿಗೆ 11-12, ಹಿಂಬದಿಗೆ 13-14. ಸುಮ್ನೆ ಬಾಯಿಪಾಠ ಮಾಡಿದರೆ ರೋಗಿ ಮುಂದೆ ಕೂತಾಗ ಮರೆತುಹೋಗುತ್ತದೆ.

ಲೈಸೆನ್ಸ್ ವಿಚಾರಕ್ಕೆ ಬರೋಣ. ಜಗತ್ತಿನಲ್ಲಿ ಈ ಕೆಲಸಕ್ಕೆ ಮೊದಲ ಲೈಸೆನ್ಸ್ ಸಿಕ್ಕಿದ್ದು 1917ರಲ್ಲಿ, ಅಮೆರಿಕದ ಕನೆಕ್ಟಿಕಟ್‌ನ ಐರೀನ್ ನ್ಯೂಮನ್ ಅವರಿಗೆ. ಅವರಿಗೆ ಕೆಲಸ ಕಲಿಸಿದವರು ದಂತವೈದ್ಯ ಆಲ್ಫ್ರೆಡ್ ಫೋನ್ಸ್. ಇವತ್ತು ನಿಯಮ ಒಂದೊಂದು ಕಡೆ ಒಂದೊಂದು ಥರ. ಹಾಗಾಗಿ ಕೋರ್ಸಿಗೆ ಹಣ ಕಟ್ಟುವ ಮೊದಲೇ, ನೀವು ಕೆಲಸ ಮಾಡಬೇಕೆಂದಿರುವ ಕಡೆ ಲೈಸೆನ್ಸ್ ಕೊಡುವ ಕೌನ್ಸಿಲ್ ಆ ಕೋರ್ಸಿಗೆ ಮಾನ್ಯತೆ ಕೊಟ್ಟಿದೆಯಾ ಅಂತ ನೋಡಿ. ಇದೊಂದನ್ನು ತಪ್ಪಿಸಿಕೊಂಡರೆ ಓದಿದ ವರ್ಷಗಳೇ ಹೋದಂತೆ. ರೋಗಿಯ ರಕ್ತ ತಾಗಬಹುದಾದ ಕೆಲಸವಾದ್ದರಿಂದ ಹೆಪಟೈಟಿಸ್ ಬಿ ಲಸಿಕೆಯನ್ನೂ ಬೇಗ ಶುರು ಮಾಡಿ. ಮಾಮೂಲಿಯಾಗಿ 3 ಡೋಸ್, ಮುಗಿಯಲು 6 ತಿಂಗಳು ಬೇಕು. ಕೊನೇ ಗಳಿಗೆಯಲ್ಲಿ ಓಡಾಡಿದರೆ ಆಗುವುದಿಲ್ಲ.

ಬರವಣಿಗೆಯ ಪರೀಕ್ಷೆಗೆ ನಾನು ಹೆದರಿರಲಿಲ್ಲ. ಹೆದರಿದ್ದು ಪ್ರಾಕ್ಟಿಕಲ್‌ಗೆ. ನಮ್ಮ ಬ್ಯಾಚಿಗೆ ನಿಜವಾದ ರೋಗಿಯ ಮೇಲೆಯೇ ಪರೀಕ್ಷೆ ಇತ್ತು, ರೋಗಿಯನ್ನು ನಾವೇ ಹುಡುಕಿ ತರಬೇಕಿತ್ತು. ಬೇಕಾದಷ್ಟು ಗಾರೆ ಇರಬೇಕು, ಬೇರೆ ಕಾಯಿಲೆ ಅಡ್ಡ ಬರಬಾರದು, ಮೇಲಾಗಿ ಅವರು ಆ ದಿನ ಬರಲೇಬೇಕು. ಇಬ್ಬರಿಗೆ ಹೇಳಿಟ್ಟಿದ್ದೆ. ಹಿಂದಿನ ರಾತ್ರಿ ಒಬ್ಬರು ಬರಲಾಗಲ್ಲ ಅಂದರು. ಎರಡನೆಯವರು ಬಂದಿದ್ದರಿಂದ ಉಳಿದುಕೊಂಡೆ. ಈಗ ಎಷ್ಟೋ ಕಡೆ ಬೊಂಬೆಯ ಮೇಲೆಯೇ ಪರೀಕ್ಷೆ ನಡೆಸುತ್ತಾರೆ, ಅದು ನನಗೆ ಸರಿ ಅನ್ನಿಸುತ್ತದೆ. ನಮ್ಮ ಮಾರ್ಕ್ಸಿಗೋಸ್ಕರ ನೋವಿರುವವರನ್ನು ಪರೀಕ್ಷೆಯ ದಿನದವರೆಗೆ ಕಾಯಿಸಬಾರದು, ಅಲ್ವಾ?

ಕೆಲಸ ಹುಡುಕುವಾಗ ಸಂಬಳದ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: ಒಬ್ಬ ರೋಗಿಗೆ ಎಷ್ಟು ನಿಮಿಷ ಕೊಡುತ್ತೀರಿ? ನಾನು ಕೇಳಲಿಲ್ಲ. ಮೊದಲ ಕ್ಲಿನಿಕ್ಕಿನಲ್ಲಿ ಅರ್ಧ ಗಂಟೆಗೆ ಒಬ್ಬರು. ಪೂರ್ತಿ 32 ಹಲ್ಲಿದ್ದರೆ, ಹಲ್ಲಿಗೆ 6 ಕಡೆಯಂತೆ ಹಲ್ಲಿಗೂ ವಸಡಿಗೂ ನಡುವಿನ ಸಂದಿನ ಆಳ ಅಳೆಯಲು 192 ಅಳತೆ. ಅದನ್ನೂ ಮಾಡಿ, ಗಾರೆಯನ್ನೂ ತೆಗೆದು, ಮಾತನ್ನೂ ಆಡಲು ಅರ್ಧ ಗಂಟೆ ಎಲ್ಲಿ ಸಾಕು? ಅಳತೆಯನ್ನೇ ಬಿಡಿ ಅಂದರು. ಬಿಡಲು ಮನಸ್ಸು ಬರಲಿಲ್ಲ, ಆರು ತಿಂಗಳಿಗೆ ಅಲ್ಲಿಂದ ಹೊರಟೆ. ಅಷ್ಟರಲ್ಲಿ ಕುತ್ತಿಗೆಯೂ ಹಿಡಿದುಕೊಂಡಿತ್ತು. ರೋಗಿಯ ಕುರ್ಚಿಯನ್ನು ಸರಿಯಾದ ಎತ್ತರಕ್ಕೆ ತರಲು ಬೇಕಾದ ಒಂದು ನಿಮಿಷವನ್ನು ಅವಸರದಲ್ಲಿ ಉಳಿಸುತ್ತಿದ್ದೆ. ಆ ನಿಮಿಷ ಉಳಿಸಬೇಡಿ.

ಈಗಿರುವ ಕಡೆ ನನಗೆ ಒಂದು ಗಂಟೆ ಸಿಗುತ್ತದೆ. ಒಮ್ಮೆ ಒಬ್ಬ ಅಮ್ಮ ಬಂದಿದ್ದರು. ಹಲ್ಲುಜ್ಜಿದರೆ ರಕ್ತ ಬರುತ್ತದೆ ಅಂತ ಹಿಂದಿನ ಹಲ್ಲುಗಳ ಕಡೆ ಬ್ರಷ್ ಹಾಕೋದನ್ನೇ ಬಿಟ್ಟಿದ್ದರು. ಹೀಗೆ ಬಿಡುವವರು ತುಂಬ ಜನ. ಉಜ್ಜದೆ ಬಿಟ್ಟ ಪಾಚಿಯಿಂದಲೇ ವಸಡು ಊದಿ ರಕ್ತ ಬರುತ್ತಿದೆ ಅಂತ ಅವರ ಕೈಗೆ ಕನ್ನಡಿ ಕೊಟ್ಟು ತೋರಿಸಿದೆ. ಮೆತ್ತನೆಯ ಬ್ರಷ್ಷನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಇಡಿ ಅಂತ ಅವರ ಕೈ ಹಿಡಿದೇ ಹೇಳಿಕೊಟ್ಟೆ. ಮೂರು ತಿಂಗಳಾದ ಮೇಲೆ ಮತ್ತೆ ಬಂದರು. ಮೊದಲು 5 ಮಿಲಿಮೀಟರ್ ಆಳ ಇದ್ದ ಕಡೆ ಪ್ರೋಬ್ ಎಂಬ ಅಳತೆ ಕಡ್ಡಿ ಇಟ್ಟು ಗಟ್ಟಿಯಾಗಿ ಓದಿದೆ: ಮೂರು, ಎರಡು, ಮೂರು. ರಕ್ತ ಬರಲಿಲ್ಲ. "ಅಂದರೆ ಒಳ್ಳೇದಾ?" ಅಂತ ಬಾಯಿ ತೆರೆದುಕೊಂಡೇ ಕೇಳಿದರು.

"ತುಂಬ ಒಳ್ಳೇದಮ್ಮ" ಅಂದೆ.