ಆಪಲ್ ಕ್ರಂಬಲ್: ಮೇಲ್ಪದರ ಮೆತ್ತಗಾಗದಿರಲು

ಓವನ್ನಿನಲ್ಲಿ ಮೊದಲ ಸಲ ಹಣ್ಣಿನ ಸಿಹಿ ಮಾಡುವವರು ಕ್ರಂಬಲ್‌ನಿಂದಲೇ (ಹಣ್ಣಿನ ಹೋಳುಗಳ ಮೇಲೆ ಬೆಣ್ಣೆ ಉಜ್ಜಿದ ಹಿಟ್ಟು ಉದುರಿಸಿ ಬೇಯಿಸುವ ಸಿಹಿ) ಶುರು ಮಾಡಿ. ಲಟ್ಟಿಸುವ ಕೆಲಸವಿಲ್ಲ, ಮೊಟ್ಟೆಯೂ ಬೇಡ.

ನಾಲ್ಕು ಮಂದಿಗೆ 700 ಗ್ರಾಂ ಸೇಬು ಸಾಕು. ಗಟ್ಟಿಯಾದ, ತುಸು ಹುಳಿಯಿರುವ ಹಣ್ಣು ಆರಿಸಿ. ಹಿಟ್ಟುಹಿಟ್ಟಾದದ್ದು ಬೆಂದಾಗ ಮುದ್ದೆಯಾಗುತ್ತದೆ. ಸಿಪ್ಪೆ ತೆಗೆದು 2 ಸೆಂ.ಮೀ. ಹೋಳು ಮಾಡಿ, 2 ದೊಡ್ಡ ಚಮಚ ಸಕ್ಕರೆ, 1 ಚಮಚ ನಿಂಬೆರಸ, 2 ಟೀ ಚಮಚ ಕಾರ್ನ್‌ಫ್ಲೋರ್, ಚಿಟಿಕೆ ಚಕ್ಕೆಪುಡಿ ಬೆರೆಸಿ. ಕಾರ್ನ್‌ಫ್ಲೋರ್ ಮಾತ್ರ ಬಿಡಬೇಡಿ. ಹಣ್ಣು ಬಿಡುವ ನೀರು ಗಟ್ಟಿಯಾಗದಿದ್ದರೆ ಮೇಲ್ಪದರ ಕೆಳಗಿನಿಂದ ನೆನೆದುಹೋಗುತ್ತದೆ.

ಮೇಲ್ಪದರಕ್ಕೆ 150 ಗ್ರಾಂ ಮೈದಾ, 75 ಗ್ರಾಂ ಸಕ್ಕರೆ, 75 ಗ್ರಾಂ ಬೆಣ್ಣೆ, ಚಿಟಿಕೆ ಉಪ್ಪು. ಬಹಳಷ್ಟು ಸಲ ಕೆಡುವುದು ಇಲ್ಲೇ. ಬೆಣ್ಣೆ ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದಿರಲಿ, ಬೆರಳ ತುದಿಯಲ್ಲಷ್ಟೇ ಹಿಟ್ಟಿಗೆ ಉಜ್ಜಿ. ಅಂಗೈ ಬಿಸಿಗೆ ಬೆಣ್ಣೆ ಕರಗಿದರೆ ಹಿಟ್ಟು ಕಣಕದಂತೆ ಒಂದಾಗಿ, ಬೆಂದ ಮೇಲೆ ಗಟ್ಟಿ ಬಿಲ್ಲೆಯಾಗುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳು ತಾಗಿದರೆ ಉದುರಬೇಕು. ನಡುನಡುವೆ ಕಡಲೆಕಾಳಿನಷ್ಟು ಗಂಟುಗಳಿದ್ದರೆ ಒಳ್ಳೆಯದೇ, ಗರಿಗರಿ ಬರುವುದು ಅವುಗಳಿಂದ. ಜಿಡ್ಡುಜಿಡ್ಡಾಯಿತೆನಿಸಿದರೆ ಬಟ್ಟಲನ್ನು 10 ನಿಮಿಷ ಫ್ರಿಜ್ಜಿನಲ್ಲಿಟ್ಟು ಮುಂದುವರಿಸಿ.

ಹಣ್ಣಿನ ಮೇಲೆ ಸಡಿಲವಾಗಿ ಉದುರಿಸಿ, ಒತ್ತಬೇಡಿ. ಮೊದಲೇ 180 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿಟ್ಟ ಓವನ್ನಿನಲ್ಲಿ 35ರಿಂದ 40 ನಿಮಿಷ. ಬಣ್ಣವೊಂದನ್ನೇ ನಂಬಬೇಡಿ: ಅಂಚಿನಲ್ಲಿ ರಸ ಮಂದವಾಗಿ ಗುಳ್ಳೆಯೇಳುತ್ತಿರಬೇಕು, ನಡುವೆ ಚಾಕು ಚುಚ್ಚಿದರೆ ಹೋಳಿನೊಳಗೆ ಸಲೀಸಾಗಿ ಇಳಿಯಬೇಕು. ಅಷ್ಟರೊಳಗೇ ಮೇಲೆ ಕೆಂಪಾಗಿಬಿಟ್ಟರೆ ಫಾಯಿಲ್ ಸಡಿಲವಾಗಿ ಹೊದಿಸಿ. ತೆಗೆದ ಮೇಲೆ 15 ನಿಮಿಷ ಮುಚ್ಚದೆ ಬಿಡಿ. ಮುಚ್ಚಿದರೆ ಹಬೆಗೆ ಗರಿಯೆಲ್ಲ ಹೋಗುತ್ತದೆ.