ಒಳಮೈ ನೋಡಿ ಖರೀದಿಸುವುದನ್ನು ಕಲಿತೆ: ಸೈಕ್ಲಿಂಗ್ ಬಟ್ಟೆಯ ನನ್ನ ಅನುಭವ

ಪಾರ್ಸೆಲ್ ಬಂದ ದಿನ ಅಪ್ಪ ಪಡಸಾಲೆಯಲ್ಲಿ ಕೂತಿದ್ದರು. ನಾನು ಕವರ್ ಹರಿದು ಜೆರ್ಸಿ ತೆಗೆದೆ. ಗಾಢ ಕೆಂಪು ಬಣ್ಣ. ಎದೆಯ ಮೇಲೆ ಉಗುರಿನಷ್ಟು ಗುರುತು ಬಿಟ್ಟರೆ ಬೇರೆ ಬರಹವೇ ಇಲ್ಲ. ಅಪ್ಪ ಕೈ ಚಾಚಿ ಇಸಿದುಕೊಂಡರು. ಹೊರಮೈ ನೋಡಲೇ ಇಲ್ಲ. ಅಂಗಿಯನ್ನು ತಿರುವಿ ಹಾಕಿ, ಕಂಕುಳ ಹತ್ತಿರದ ಹೊಲಿಗೆ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಎರಡೂ ಕೈಯಲ್ಲಿ ಎಳೆದು ಬೆಳಕಿಗೆ ಹಿಡಿದರು.

"ನೇಯ್ದಿದ್ದಲ್ಲ ಇದು, ಹೆಣೆದಿದ್ದು. ಬಟ್ಟೆ ಚೆನ್ನಾಗೈತವ್ವ. ಎಷ್ಟು ಕೊಟ್ಟಿ?"

ಒಂಬತ್ತು ಸಾವಿರ ಅಂದೆ. ಅವರು ಸುಮ್ಮನಾದರು. ಮತ್ತೆ ಹೊಲಿಗೆ ನೋಡತೊಡಗಿದರು.

ಅಪ್ಪ 26 ವರ್ಷ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಮಗ್ಗದ ಮುಂದೆ ನಿಂತವರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ ಅದು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಅಪ್ಪನ ಬೆರಳಿಗೆ ಬಟ್ಟೆಯ ಗುರುತು ಮಾತ್ರ ಹಾಗೇ ಉಳಿದಿದೆ. ಸೈಕ್ಲಿಂಗ್ ಬಟ್ಟೆ ಕೊಳ್ಳುವಾಗ ಎಲ್ಲಿ ನೋಡಬೇಕು ಅನ್ನುವುದನ್ನು ಸೈಕಲ್ಲೇ ಹತ್ತದ ಆ ಮನುಷ್ಯರಿಂದ ನಾನು ಕಲಿತೆ. ಅಷ್ಟರೊಳಗೆ ಒಂದಷ್ಟು ದುಡ್ಡು ಕಳೆದಾಗಿತ್ತು. ನಾಲ್ಕು ವರ್ಷದಲ್ಲಿ ಬಟ್ಟೆಗೆ ಅಂತ ನಾನು ಹಾಕಿದ್ದು ಸುಮಾರು 32,000 ರೂಪಾಯಿ. ಅದರಲ್ಲಿ ಮೂರರಲ್ಲೊಂದು ಪಾಲು ತಪ್ಪು ಜಾಗಕ್ಕೆ ಹೋಯಿತು.

ಸೈಕಲ್ ಶುರು ಮಾಡಿದಾಗ ನನಗೆ 36 ವರ್ಷ. ಬ್ಯಾಂಕಿನ ಕೆಲಸ, ದಿನವಿಡೀ ಕುರ್ಚಿ. ಬೆಳಿಗ್ಗೆ ಐದೂವರೆಗೆ ಕೊಂಡಜ್ಜಿ ಕೆರೆಯವರೆಗೆ ಹೋಗಿ ಬರುತ್ತಿದ್ದೆ. ಹಾಕುತ್ತಿದ್ದದ್ದು ಮನೆಯಲ್ಲಿದ್ದ ಹತ್ತಿ ಟೀ ಶರ್ಟ್, ಟ್ರ್ಯಾಕ್ ಪ್ಯಾಂಟ್. ಜನವರಿಯಲ್ಲಿ ಏನೂ ತೊಂದರೆ ಇರಲಿಲ್ಲ. ಮಾರ್ಚ್ ಬಂದ ಮೇಲೆ ನಮ್ಮ ಕಡೆಯ ಬಿಸಿಲು ಗೊತ್ತಲ್ವಾ, ಏಳು ಗಂಟೆಗೇ ಬೆನ್ನು ಸುಡುತ್ತದೆ. ಹತ್ತಿ ಬೆವರು ಹೀರುತ್ತದೆ, ಬಿಡುವುದಿಲ್ಲ. ಒದ್ದೆ ಬಟ್ಟೆ ಮೈಗೆ ಅಂಟಿ, ತೊಡೆಯ ಸಂದಿಯಲ್ಲಿ ಚರ್ಮ ಕಿತ್ತು ಉರಿ. ಪಾಲಿಯೆಸ್ಟರ್ ಎಳೆ ಬೆವರನ್ನು ಒಳಗೆ ಹೀರಿಕೊಳ್ಳದೆ ಬಟ್ಟೆಯ ಹೊರಮೈಗೆ ಹರಡುತ್ತದೆ, ಗಾಳಿಗೆ ಅದು ಆರುತ್ತದೆ. ಹತ್ತಿ ಮಿಲ್ಲಿನ ಮನೆಯಲ್ಲಿ ಬೆಳೆದ ನನಗೆ ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ದಿನ ಬೇಕಾಯಿತು.

ಮೊದಲು ಕೊಂಡದ್ದು 900 ರೂಪಾಯಿಯ, ಕೂರುವ ಜಾಗಕ್ಕೆ ಸ್ಪಂಜಿನ ಪ್ಯಾಡ್ ಇರುವ ಶಾರ್ಟ್ಸ್. ಪ್ಯಾಡ್ ದಪ್ಪಗಿತ್ತು. ದಪ್ಪ ಇದ್ದರೆ ಮೆತ್ತಗೆ ಅಂದುಕೊಂಡೆ. ಮೂವತ್ತು ಕಿಲೋಮೀಟರ್ ದಾಟುತ್ತಿದ್ದಂತೆ ಆ ಸ್ಪಂಜು ಚಪಾತಿಯ ಹಾಗೆ ಒತ್ತಿಕೊಂಡು, ಮೂಳೆ ನೇರವಾಗಿ ಸೀಟಿಗೆ ತಾಗುತ್ತಿತ್ತು. ಸುತ್ತ ಉಳಿದ ದಪ್ಪ ಭಾಗ ತೊಡೆಗೆ ಉಜ್ಜುತ್ತಿತ್ತು. ಪ್ಯಾಡಿನಲ್ಲಿ ನೋಡಬೇಕಾದ್ದು ದಪ್ಪವನ್ನಲ್ಲ, ಫೋಮ್ ಎಷ್ಟು ಗಟ್ಟಿ ಅನ್ನುವುದನ್ನು. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಬಲವಾಗಿ ಒತ್ತಿ. ಆ ಕಡೆಯ ಬೆರಳು ಸಲೀಸಾಗಿ ಸಿಕ್ಕಿತೆಂದರೆ ಆ ಪ್ಯಾಡ್ ದೂರದ ದಾರಿಗೆ ಬೇಡ. ಒಳ್ಳೆಯದರಲ್ಲಿ ಕೂರುವ ಮೂಳೆಗಳ ಜಾಗಕ್ಕೆ ಗಟ್ಟಿ ಫೋಮ್, ಅಂಚಿಗೆ ತೆಳುವಾದದ್ದು, ಹೀಗೆ ಬೇರೆ ಬೇರೆ ಇರುತ್ತದೆ. ಹೆಂಗಸರ ಪ್ಯಾಡಿನ ಆಕಾರವೇ ಬೇರೆ. ಗಂಡಸರದ್ದು ಹಾಕಿಕೊಂಡು ಹೊಂದಿಸಿಕೊಳ್ಳಬಹುದು ಅನ್ನುವ ಮಾತನ್ನು ನಂಬಬೇಡಿ.

ಇನ್ನೊಂದು ವಿಷಯ. ಪ್ಯಾಡ್ ಇರುವ ಶಾರ್ಟ್ಸ್ ಒಳಗೆ ಒಳಉಡುಪು ಹಾಕಬಾರದು. ಹೇಳುವುದಕ್ಕೆ ಸಂಕೋಚ ಪಟ್ಟು ಯಾರೂ ನನಗೆ ಇದನ್ನು ಹೇಳಿರಲಿಲ್ಲ. ಆರು ತಿಂಗಳು ಹಾಕಿಕೊಂಡೇ ಓಡಿಸಿದೆ. ಅದರ ಹೊಲಿಗೆ ಅಂಚು ಒತ್ತಿ ಆದ ಕುರು ಹದಿನೈದು ದಿನ ಸೈಕಲ್ ಬಿಡಿಸಿತು.

ಆಮೇಲೆ ಆ ಕೆಂಪು ಜೆರ್ಸಿ. ಚೆಂದದ ಬಟ್ಟೆಯ ಮೇಲೆ ನನಗೆ ಆಸೆ ಇದೆ. ಬಹಳ ಜೆರ್ಸಿಗಳು ಕಣ್ಣಿಗೆ ಹೊಡೆಯುವ ಬಣ್ಣ, ಮೈತುಂಬ ಅಕ್ಷರ. ಅದನ್ನು ಹಾಕಿಕೊಂಡು ಬೆಣ್ಣೆ ದೋಸೆ ಹೋಟೆಲಿಗೆ ಹೋಗಲು ನನಗೆ ಮನಸ್ಸಾಗುತ್ತಿರಲಿಲ್ಲ. 2004ರಲ್ಲಿ ಲಂಡನ್ನಿನಲ್ಲಿ ಸೈಮನ್ ಮೊಟ್ರಮ್ ಶುರು ಮಾಡಿದ ರಾಫಾ ಕಂಪನಿ ಹೆಸರು ಮಾಡಿದ್ದೇ ಈ ವಿಷಯದಲ್ಲಿ. ವೃತ್ತಿಪರ ತಂಡಗಳ ಜೆರ್ಸಿ ತುಂಬ ಪ್ರಾಯೋಜಕರ ಹೆಸರು ತುಂಬಿದ್ದಾಗ, ಅವರು ಕಪ್ಪು ಜೆರ್ಸಿಯ ಎಡತೋಳಿಗೆ ಒಂದು ಬಿಳಿ ಪಟ್ಟಿ ಹಾಕಿ ಬಿಟ್ಟರು. ಆಮೇಲೆ ಎಷ್ಟೋ ಸಣ್ಣ ಕಂಪನಿಗಳು ಅದೇ ದಾರಿ ಹಿಡಿದವು. ಅಂಥದ್ದೇ ಒಂದು ವಿದೇಶಿ ಕಂಪನಿಯಿಂದ, ಸುಂಕವೂ ಸೇರಿ ಒಂಬತ್ತು ಸಾವಿರ ಕೊಟ್ಟು ನಾನು ತರಿಸಿದ್ದು.

ಅಳತೆಯಲ್ಲಿ ತಪ್ಪಿದೆ. ಅವರ ಪಟ್ಟಿಯ ಪ್ರಕಾರ ನನ್ನದು ಮೀಡಿಯಂ. ಗೆಳತಿಯ ಹತ್ತಿರ ಅಂಥದ್ದೇ ಮೀಡಿಯಂ ಇತ್ತು, ಹಾಕಿ ಕನ್ನಡಿ ಮುಂದೆ ನಿಂತೆ. ಎದೆ ಹತ್ತಿರ ಬಿಗಿ, ಮುಂದೆ ಗಿಡ್ಡ, ಹಿಂದೆ ಉದ್ದ. ಸರಿಯಿಲ್ಲ ಅಂದುಕೊಂಡು ಲಾರ್ಜ್ ತರಿಸಿದೆ. ಆದರೆ ಸೈಕ್ಲಿಂಗ್ ಜೆರ್ಸಿ ನಿಂತವರಿಗೆ ಹೊಲಿದದ್ದಲ್ಲ, ಬಗ್ಗಿ ಹ್ಯಾಂಡಲ್ ಹಿಡಿದವರಿಗೆ ಹೊಲಿದದ್ದು. ಬಗ್ಗಿದಾಗ ಮುಂಭಾಗ ಕುಗ್ಗುತ್ತದೆ, ಬೆನ್ನು ಹಿಗ್ಗುತ್ತದೆ. ನಿಂತಾಗ ಸರಿಯಾಗಿ ಕಾಣುವ ಜೆರ್ಸಿ ಸೈಕಲ್ ಮೇಲೆ ಹೊಟ್ಟೆ ಹತ್ತಿರ ಮುದ್ದೆಯಾಗುತ್ತದೆ. ಫೋನು, ಬಾಳೆಹಣ್ಣು, ಪಂಪು ಹಾಕಿದ ಹಿಂದಿನ ಜೇಬು ಜೋತು ಬೀಳುತ್ತದೆ.

ಇದು ಪೂರ್ತಿ ಗೊತ್ತಾಗಿದ್ದು ಆಷಾಢದಲ್ಲಿ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ 60 ಕಿಲೋಮೀಟರ್. ಆನಗೋಡು, ಭರಮಸಾಗರ ದಾಟಿ ಹೋಗುವಾಗ ಗಾಳಿ ಹಿಂದಿನಿಂದ ತಳ್ಳುತ್ತಿತ್ತು, ಕಷ್ಟವೇ ಇಲ್ಲ. ದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಜೋರಾಗಿ ತಿರುಗುತ್ತಿದ್ದದ್ದನ್ನು ನೋಡಿ ಖುಷಿಪಟ್ಟೆವು. ವಾಪಸ್ ಬರುವಾಗ ಅದೇ ಗಾಳಿ ಎದುರಿಗೆ. ನನ್ನ ಜೆರ್ಸಿ ಪಟಪಟ ಹೊಡೆದುಕೊಳ್ಳುತ್ತಿತ್ತು, ಯಾರೋ ಬೆನ್ನು ಹಿಡಿದು ಎಳೆದ ಹಾಗೆ. ಸಮತಟ್ಟು ರಸ್ತೆಯಲ್ಲಿ ನಾವು ತುಳಿಯುವ ಶಕ್ತಿಯ ಬಹುಪಾಲು ಹೋಗುವುದು ಗಾಳಿಯನ್ನು ಸೀಳುವುದಕ್ಕೇ. ಅದರಲ್ಲೂ ಸೈಕಲ್ಲಿಗಿಂತ ನಮ್ಮ ಮೈಗೆ ತಡೆ ಜಾಸ್ತಿ. ಅಂಗಿ ಬಿಗಿಯಾಗಿರಬೇಕು ಅನ್ನುವುದು ಬರೀ ಶೋಕಿಗಲ್ಲ ಅಂತ ಅವತ್ತು ಮೈಯಿಂದಲೇ ತಿಳಿದುಕೊಂಡೆ.

ಈಗ ನಾನು ಯಾವುದೇ ಜೆರ್ಸಿ ಬಂದರೂ ಕನ್ನಡಿ ಮುಂದೆ ನಿಲ್ಲುವುದಿಲ್ಲ. ಅಡುಗೆಮನೆ ಕಟ್ಟೆಯ ಅಂಚನ್ನು ಹ್ಯಾಂಡಲ್ ಹಿಡಿದ ಹಾಗೆ ಹಿಡಿದು ಬಗ್ಗುತ್ತೇನೆ. ಜೇಬಿಗೆ ಫೋನು ಹಾಕುತ್ತೇನೆ. ಹೊಟ್ಟೆ ಹತ್ತಿರ ನೆರಿಗೆ ಬೀಳಬಾರದು, ಸೊಂಟದ ಹಿಂದೆ ಚರ್ಮ ಕಾಣಬಾರದು, ಭುಜದ ಹೊಲಿಗೆ ಎಳೆಯಬಾರದು. ಇಟಲಿಯ ಕಂಪನಿಗಳ ಅಳತೆ ಚಿಕ್ಕದು. ಕ್ಯಾಸ್ಟೆಲಿಯಂಥದ್ದರಲ್ಲಿ ನಮ್ಮ ಮೀಡಿಯಂ ಅವರ ಲಾರ್ಜ್ ಆಗುವುದೇ ಹೆಚ್ಚು. ಅಕ್ಷರ ನಂಬದೆ ಎದೆ, ಸೊಂಟ ಟೇಪ್ ಹಿಡಿದು ಅಳೆಯಬೇಕು.

ಆ ಲಾರ್ಜ್ ಜೆರ್ಸಿಯನ್ನು ವಾಪಸ್ ಕಳಿಸುವ ಖರ್ಚೇ ಮೂರು ಸಾವಿರ ಆಗುತ್ತಿತ್ತು. ನಮ್ಮ ಓಣಿಯ ಟೈಲರ್ ಹತ್ತಿರ ಕೊಟ್ಟೆ. ಅವರು ಮಾಮೂಲಿ ಸೂಜಿಯಲ್ಲಿ ನೇರ ಹೊಲಿಗೆ ಹಾಕಿದರು. ಮೊದಲ ಸಲ ತಲೆಯ ಮೇಲಿಂದ ಎಳೆದಾಗಲೇ ದಾರ ಪಟ್ಟನೆ ಕಿತ್ತಿತು. ಬಟ್ಟೆ ಹಿಗ್ಗುತ್ತದೆ, ನೇರ ಹೊಲಿಗೆ ಹಿಗ್ಗುವುದಿಲ್ಲ. ಅಪ್ಪ ನನ್ನ ಜೊತೆ ಅಂಗಡಿಗೆ ಬಂದರು. "ಬನಿಯನ್ ಹೊಲಿಯೋ ಸೂಜಿ ಐತೇನಣ್ಣ? ಮೊನೆ ದುಂಡಗಿರ್ತತಲ್ಲ, ಅದು" ಅಂದರು. ಆ ಸೂಜಿ ಎಳೆಯನ್ನು ಚುಚ್ಚಿ ಹರಿಯುವುದಿಲ್ಲ, ಸರಿಸಿಕೊಂಡು ಇಳಿಯುತ್ತದೆ. "ಇದು ನನಗೂ ಹೊಸದು ಬಿಡ್ರಿ" ಅಂತ ಹೇಳಿ ಟೈಲರ್ ಅದೇ ಸೂಜಿ ತರಿಸಿ, ಪಕ್ಕದ ಎರಡೂ ಹೊಲಿಗೆ ಬಿಚ್ಚಿ, ಒಂದೊಂದು ಇಂಚು ಒಳಗೆ ತಗೊಂಡು, ಬಟ್ಟೆಯ ಜೊತೆ ಹಿಗ್ಗುವ ಓವರ್‌ಲಾಕ್ ಹಾಕಿಕೊಟ್ಟರು. 150 ರೂಪಾಯಿ. ಆ ಜೆರ್ಸಿ ಇವತ್ತಿಗೂ ನನ್ನ ಮೈಗೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ.

ದುಡ್ಡು ಹಾಕಬೇಕಾದದ್ದು ಸೊಂಟದ ಕೆಳಗಿನ ಬಟ್ಟೆಗೆ. ಹಳೇ ಕಾಲದ ಸೈಕಲ್ ಚಡ್ಡಿ ಉಣ್ಣೆಯದು. ಒಳಗೆ ಷಾಮ್ವಾ ಅನ್ನುವ ಬೆಟ್ಟದ ಆಡಿನ ಮೆತ್ತನೆಯ ತೊಗಲು ಹಾಕುತ್ತಿದ್ದರು. ಒಗೆದರೆ ಅದು ಸೆಟೆದುಕೊಳ್ಳುತ್ತಿತ್ತು, ಅದಕ್ಕೆ ಕ್ರೀಮ್ ಸವರಿ ಮೆತ್ತಗೆ ಮಾಡಬೇಕಿತ್ತು. ಇವತ್ತಿನ ಫೋಮ್ ಪ್ಯಾಡಿಗೂ ಆ ಆಡಿನ ಹೆಸರೇ ಉಳಿದಿದೆ. 1958ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಹಿಗ್ಗುವ ಎಳೆಯೊಂದನ್ನು ಕಂಡುಹಿಡಿದರು, ಅದೇ ಲೈಕ್ರಾ. ಎಪ್ಪತ್ತರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಆಸೋಸ್ ಅದನ್ನು ಸೈಕಲ್ ಚಡ್ಡಿಗೆ ತಂದಿತು. ಅಪ್ಪನಿಗೆ ಈ ಕಥೆ ಬಹಳ ಇಷ್ಟ. ಹತ್ತಿಯಲ್ಲಿ ನೂರಕ್ಕೆ ಐದು ಪಾಲು ಆ ಎಳೆ ಸೇರಿಸಿದರೆ ಬಟ್ಟೆ ಹೇಗೆ ಬದಲಾಗುತ್ತದೆ ಅಂತ ಬಂದವರಿಗೆಲ್ಲ ಹೇಳುತ್ತಾರೆ.

ನನ್ನ ಹತ್ತಿರ ಈಗ ಎರಡು ಬಿಬ್ ಇವೆ, ಅಂದರೆ ಭುಜಕ್ಕೆ ಪಟ್ಟಿ ಇರುವ ಶಾರ್ಟ್ಸ್. ಒಂದು ನಮ್ಮ ದೇಶದಲ್ಲೇ ಹೊಲಿದದ್ದು, 4,500 ರೂಪಾಯಿ. ಇನ್ನೊಂದು ಹೊರಗಿನದು, 13,500. ಸೊಂಟದ ಎಲಾಸ್ಟಿಕ್ ಹೊಟ್ಟೆ ಕೊಯ್ಯುವುದಿಲ್ಲ, ಪ್ಯಾಡ್ ಜಾಗ ಬಿಟ್ಟು ಕದಲುವುದಿಲ್ಲ, ಅದಕ್ಕೇ ಬಿಬ್ ಒಳ್ಳೆಯದು. ಹೆಂಗಸರಿಗೆ ಅದರ ದೊಡ್ಡ ತೊಂದರೆ ಶೌಚಕ್ಕೆ ಹೋಗುವಾಗ. ಮೊದಲ ಬಿಬ್‌ನಲ್ಲಿ ಜೆರ್ಸಿ ಪೂರ್ತಿ ಬಿಚ್ಚಬೇಕಿತ್ತು. ಪೆಟ್ರೋಲ್ ಬಂಕಿನ ಒದ್ದೆ ನೆಲದ ಶೌಚಾಲಯದಲ್ಲಿ, ಚಿಲಕ ಹಿಡಿಯದ ಬಾಗಿಲಿಗೆ ಕಾಲು ಕೊಟ್ಟು ನಿಂತು ಬಿಚ್ಚಿ ನೋಡಿ, ಕಷ್ಟ ಗೊತ್ತಾಗುತ್ತದೆ. ಅದಕ್ಕೆ ಹೆದರಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಿದ್ದೆ. ನಮ್ಮ ಬಿಸಿಲಿನಲ್ಲಿ ಅದು ಅಪಾಯ. ದುಬಾರಿಯದರಲ್ಲಿ ಹಿಂದಿನ ಪಟ್ಟಿ ಹೆಚ್ಚು ಹಿಗ್ಗುತ್ತದೆ, ಜೆರ್ಸಿ ಬಿಚ್ಚದೆ ಹಿಂಭಾಗವನ್ನು ಕೆಳಗಿಳಿಸಬಹುದು. ನಾನು ಕೊಟ್ಟ ಹೆಚ್ಚಿನ ದುಡ್ಡಿನಲ್ಲಿ ಅರ್ಧ ಈ ಒಂದಕ್ಕೇ ಸಲ್ಲುತ್ತದೆ ಅಂತ ನನ್ನ ಅಭಿಪ್ರಾಯ.

ಕಳೆದ ಡಿಸೆಂಬರಿನಲ್ಲಿ ಮೂವರು ಹಿರಿಯೂರಿಗೆ ಹೋಗಿ ಬಂದೆವು. ಹೋಗಿ ಬರುವುದು ಸೇರಿ 200 ಕಿಲೋಮೀಟರ್. 200ರ ಬ್ರೆವೆಗೆ, ಅಂದರೆ ಗೊತ್ತು ಮಾಡಿದ ಅವಧಿಯೊಳಗೆ ಮುಗಿಸಬೇಕಾದ ದೂರದ ಸವಾರಿಗೆ, ಇರುವ ಅವಧಿ ಹದಿಮೂರೂವರೆ ಗಂಟೆ. ನಾವು ಸುಮ್ನೆ ನಮ್ಮ ಪಾಡಿಗೆ ಹೋದವರು, ಆದರೂ ಆ ಗಡಿ ಇಟ್ಟುಕೊಂಡಿದ್ದೆವು. ಬೆಳಿಗ್ಗೆ ನಾಲ್ಕೂವರೆಗೆ ಬಿಟ್ಟು ಸಂಜೆ ಐದೂವರೆಗೆ ಮನೆ ಸೇರಿದೆ. ಕಾಲು ಸೋತಿದ್ದವು, ಕೂತ ಜಾಗದಲ್ಲಿ ಒಂದು ಗೀರೂ ಇರಲಿಲ್ಲ.

ಬೆಲೆಯ ಲೆಕ್ಕ ನಾನು ಸವಾರಿಗೆ ಇಷ್ಟು ಅಂತ ಹಾಕುತ್ತೇನೆ. 900ರದ್ದು 60 ಸವಾರಿಗೆ ಹರಿಯಿತು, ಸವಾರಿಗೆ 15 ರೂಪಾಯಿ. 4,500ರದ್ದು 250 ಸವಾರಿ ಆಗಿದೆ, 18 ರೂಪಾಯಿ. 13,500ರದ್ದು 400 ದಾಟಿದೆ, ಹೆಚ್ಚೂಕಡಿಮೆ 34 ರೂಪಾಯಿ. ದುಬಾರಿಯದೇ ಕೊನೆಗೆ ಅಗ್ಗ ಅನ್ನುವವರ ಮಾತು ನನ್ನ ವಿಷಯದಲ್ಲಿ ನಿಜವಾಗಿಲ್ಲ. ಕೊಂಡಜ್ಜಿಗೆ ಹೋಗಿ ಬರಲು 4,500ರದ್ದು ಧಾರಾಳ ಸಾಕು. ನೂರು ಕಿಲೋಮೀಟರ್ ದಾಟುವವರು ಮಾತ್ರ ಹೊರಗಿನದಕ್ಕೆ ಯೋಚಿಸಬಹುದು. ಜೆರ್ಸಿಗೆ ಎರಡು ಸಾವಿರದ ಮೇಲೆ ಕೊಡುವುದು ಚೆಂದಕ್ಕೆ. ಚೆಂದ ಬೇಡ ಅಂತ ನಾನು ಹೇಳುವುದಿಲ್ಲ. ಆ ಕೆಂಪು ಜೆರ್ಸಿ ಹಾಕಿದ ದಿನ ನಾನು ಬೇಗ ಏಳುತ್ತೇನೆ.

ಊರೊಳಗೆ ಹೇಗೆ ಓಡಾಡುತ್ತೀರಿ ಅಂತ ಬೇರೆ ಹೆಂಗಸರು ಕೇಳುತ್ತಾರೆ. ಜೇಬಿನಲ್ಲಿ ಮಡಚಿದ ತೆಳ್ಳನೆ ಸಡಿಲ ಶಾರ್ಟ್ಸ್ ಒಂದು ಇರುತ್ತದೆ. ಹೋಟೆಲ್ ಬಂದಾಗ ಬಿಬ್ ಮೇಲೆ ಹಾಕಿಕೊಳ್ಳುತ್ತೇನೆ. ಜನ ನೋಡುತ್ತಾರೆ ಅಂತಲ್ಲ, ನನಗೆ ಹಾಗೆ ಕೂತರೆ ನೆಮ್ಮದಿ.

ಒಗೆಯುವುದು ಗಂಟೆಯೊಳಗೆ, ತಣ್ಣೀರಿನಲ್ಲಿ, ಒಳಮೈ ಹೊರಗೆ ಮಾಡಿ. ಕಂಫರ್ಟ್ ಥರದ ಮೆತ್ತಗಾಗಿಸುವ ದ್ರವ ಹಾಕಬಾರದು, ಅದು ಎಳೆಗೆ ಮೆತ್ತಿಕೊಂಡು ಬೆವರು ಹೊರಗೆ ಹೋಗುವುದು ನಿಲ್ಲುತ್ತದೆ. ಬಿಸಿಲಲ್ಲಿ ಒಣಹಾಕಬಾರದು. ಒಂದು ಏಪ್ರಿಲ್ ಮಧ್ಯಾಹ್ನ ಅಮ್ಮ ಪ್ರೀತಿಯಿಂದ ನನ್ನ 4,500ರ ಬಿಬ್ ಅನ್ನು ತಾರಸಿಗೆ ಹಾಕಿದ್ದರು. ಹಾಗೇ ತಿಂಗಳು ನಡೆಯಿತು. ತೊಡೆಯ ಅಂಚಿನ ಹಿಡಿತವೇ ಹೋಯಿತು. ಈಗ ಪಡಸಾಲೆಯ ನೆರಳಲ್ಲಿ, ಅಪ್ಪನ ಕುರ್ಚಿಯ ಹಿಂದೆ ಹಗ್ಗ ಕಟ್ಟಿದ್ದೇನೆ. ಸಡಿಲಾದ ಆ ಅಂಚಿಗೆ ಹೊಸ ಎಲಾಸ್ಟಿಕ್ ಕೂಡಿಸಬಹುದು ಅಂತ ಅಪ್ಪ ತಿರುವಿ ನೋಡಿ ಹೇಳಿದ್ದಾರೆ. ಶನಿವಾರ ಟೈಲರ್ ಹತ್ತಿರ ಇಬ್ಬರೂ ಹೋಗಬೇಕು.