ಪೆನ್ಷನ್ ಇಲ್ಲದ ಮಾಜಿ ಸೈನಿಕರಿಗೆ ತಿಂಗಳಿಗೆ 8,000: ಅರ್ಜಿ ಹಾಕುವ ಮೊದಲು ಹೆಸರು ನೋಡಿ ಮಾರಾಯ್ರೆ

ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆ ಏಳೆಂಟು ವರ್ಷ ಮಿಲಿಟ್ರಿಯಲ್ಲಿದ್ದು ಪೆನ್ಷನ್ ಆಗುವಷ್ಟು ಸರ್ವಿಸ್ ಆಗದೆ ಊರಿಗೆ ಬಂದು, ಮತ್ತೆ ಕಂಡವರ ತೋಟದಲ್ಲಿ ಅಡಿಕೆ ಹೆಕ್ಕಿ ಜೀವನ ಮಾಡಿದ ಅಜ್ಜಂದಿರು ಈಗಲೂ ಇದ್ದಾರೆ. ಅವರಿಗೆ ಪೆನ್ಯುರಿ ಗ್ರಾಂಟ್ ಅಂತ, ಅಂದ್ರೆ ಕಷ್ಟದಲ್ಲಿರುವವರಿಗೆ ಕೊಡುವ ಸಹಾಯಧನ, ಒಂದುಂಟು. 65 ದಾಟಿರ್ಬೇಕು, ಸೈನ್ಯದ ಪೆನ್ಷನ್ ಇರ್ಬಾರ್ದು, ರ‍್ಯಾಂಕ್ ಹವಾಲ್ದಾರ್ ವರೆಗೆ, ವಿಧವೆಯರಿಗೂ ಸಿಗ್ತದೆ. ಮೊದಲು ತಿಂಗಳಿಗೆ 4,000 ಇತ್ತು, 2025 ನವೆಂಬರ್ 1ರಿಂದ ಹಾಕಿದ ಅರ್ಜಿಗಳಿಗೆ 8,000. ದುಡ್ಡು ಬರುವುದು ಧ್ವಜ ದಿನದ ನಿಧಿಯಿಂದ, ಅದೇ, ಡಿಸೆಂಬರ್ 7ಕ್ಕೆ ಶಾಲೆಯಲ್ಲಿ ಚಿಕ್ಕ ಬಾವುಟ ಕೊಟ್ಟು ಚಿಲ್ಲರೆ ತಕೊಳ್ತಿದ್ರಲ್ಲ, ಅದು.

ಅರ್ಜಿ ಕೇಂದ್ರೀಯ ಸೈನಿಕ ಬೋರ್ಡಿನ ವೆಬ್‌ಸೈಟಲ್ಲಿ ಆನ್‌ಲೈನ್. ಅಕ್ಷಯಕ್ಕೆ (ಆನ್‌ಲೈನ್ ಅರ್ಜಿ ಹಾಕಿಕೊಡುವ ಸೆಂಟರ್) ಓಡುವ ಮೊದಲು ಡಿಸ್ಚಾರ್ಜ್ ಬುಕ್ (ಸೈನ್ಯ ಬಿಡುವಾಗ ಕೊಟ್ಟ ದಾಖಲೆ ಪುಸ್ತಕ), ಆಧಾರ್, ಪಾಸ್‌ಬುಕ್, ಮಾಜಿ ಸೈನಿಕರ ಐಡಿ ಕಾರ್ಡ್, ಈ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಹೆಸರು ಅಕ್ಷರ ಅಕ್ಷರ ಓದಿ. ನಮ್ಮಲ್ಲಿ ಇದೇ ದೊಡ್ಡ ತಲೆನೋವು. ಮಿಲಿಟ್ರಿಯವರು ಬರೆದದ್ದು ನಾರಾಯಣ, ಇಲ್ಲಿ ಆಧಾರಲ್ಲಿ ನಾರಾಯಣನ್, ಬ್ಯಾಂಕಲ್ಲಿ ಹಿಂದೆ ಇನಿಶಿಯಲ್ ಮುಂದೆ ಮನೆ ಹೆಸರು. ಆ ಒಂದು 'ನ್' ಸಾಕು ಫೈಲ್ ವಾಪಸ್ ಬರ್ಲಿಕ್ಕೆ. ನಮ್ಮ ನೆರೆಮನೆಯ ಅಜ್ಜನ ಅರ್ಜಿ ನಾನೇ ಹಾಕಿದ್ದು, ಈ ನ್ ನೋಡದೆ ಅಪ್‌ಲೋಡ್ ಮಾಡಿ ಮೂರು ತಿಂಗಳು ದಂಡ ಆಯ್ತು, ಪಾಪ ಅಜ್ಜ ಒಂದು ಮಾತೂ ಬೈಲಿಲ್ಲ, ಅದೇ ಜಾಸ್ತಿ ಬೇಜಾರು. ಆಧಾರ್ ತಿದ್ದಿಸ್ಲಿಕ್ಕೆ ಆದ್ರೆ ಅದೇ ಒಳ್ಳೇದು. ಆಗ್ಲಿಲ್ಲ ಅಂದ್ರೆ ವಿಲ್ಲೇಜ್ ಆಫೀಸಿಂದ ಎರಡು ಹೆಸರೂ ಒಬ್ಬರದ್ದೇ ಅನ್ನುವ ವನ್ ಆಂಡ್ ದಿ ಸೇಮ್ ಸರ್ಟಿಫಿಕೇಟ್ ಮಾಡಿಸಿ, ಅದು ಸಾಕಾಗ್ತದಾ ಅಂತ ಜಿಲ್ಲಾ ಸೈನಿಕ ಕ್ಷೇಮ ಆಫೀಸಲ್ಲಿ ಮೊದಲೇ ಕೇಳಿಕೊಳ್ಳಿ. ಹುಟ್ಟಿದ ತಾರೀಕೂ ಹಾಗೆಯೇ, ಹಳೆಯವರಲ್ಲಿ ಡಿಸ್ಚಾರ್ಜ್ ಬುಕ್ಕಲ್ಲಿ ಒಂದು, ಆಧಾರಲ್ಲಿ ಜನವರಿ 1.

ಅಜ್ಜಿಯಂದಿರ ವಿಷಯ ಇನ್ನೂ ಕಷ್ಟ. ಗಂಡನ ಮಿಲಿಟ್ರಿ ದಾಖಲೆಯಲ್ಲಿ ಹೆಂಡತಿ ಅಂತ ಇವರ ಹೆಸರು ಇರ್ಬೇಕು. ಊರಿಗೆ ಬಂದ ಮೇಲೆ ಮದುವೆ ಆದವರಲ್ಲಿ ಎಷ್ಟೋ ಜನ ಸೇರಿಸಿಯೇ ಇಲ್ಲ. ಆಗ ಆ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಕಾಗದ ಬರೀಬೇಕು, ತಿಂಗಳುಗಟ್ಟಲೆ ಹಿಡೀತದೆ, ಹಾಗಾಗಿ ಅಜ್ಜ ಇರುವಾಗಲೇ ಮಾಡಿಸಿಬಿಡಿ. ಡಿಸ್ಚಾರ್ಜ್ ಬುಕ್ ಗೆದ್ದಲು ತಿಂದಿದ್ರೆ, ಕಳೆದುಹೋಗಿದ್ರೆ ಅದೂ ಅಲ್ಲಿಂದಲೇ ಆಗ್ಬೇಕು, ಪೊಲೀಸ್ ದೂರಿನ ಕಾಪಿ, ಅಫಿಡವಿಟ್ ಎಲ್ಲ ಬೇಕಾಗ್ತದೆ.

ಸ್ಕ್ಯಾನ್ ಮಾಡುವಾಗ ಡಿಸ್ಚಾರ್ಜ್ ಬುಕ್ಕಿನ ಎಲ್ಲಾ ಪುಟ ಹಾಕಿ, ಒರಿಜಿನಲನ್ನೇ ಸ್ಕ್ಯಾನ್ ಮಾಡಿ, ಜೆರಾಕ್ಸನ್ನಲ್ಲ. ಮೊಬೈಲ್ ನಂಬರ್, ಇಮೇಲ್ ಮನೆಯವರದ್ದೇ ಕೊಡಿ, ಸೆಂಟರಿನ ಹುಡುಗನದ್ದು ಬೇಡ, ಅವನು ಕೆಲಸ ಬಿಟ್ರೆ ಓಟಿಪಿಗೆ ಎಲ್ಲಿ ಹುಡುಕ್ತೀರಿ? ಆಮೇಲೆ ಒರಿಜಿನಲ್ ಹಿಡ್ಕೊಂಡು ಸೈನಿಕ ಕ್ಷೇಮ ಆಫೀಸಿಗೆ ಒಮ್ಮೆ ಹೋಗ್ಲಿಕ್ಕುಂಟು, ಅವರು ನೋಡಿ ಮೇಲೆ ಕಳಿಸಿದ್ರೆ ಮಾತ್ರ ತಿರುವನಂತಪುರ, ದೆಹಲಿ ದಾಟ್ತದೆ. ಮಲಯಾಳ ಬರುದಿಲ್ಲ ಅಂತ ಹೆದರ್ಬೇಡಿ, ಕನ್ನಡದಲ್ಲಿ ಬರೆದು ಕೊಡುವ ಹಕ್ಕು ನಮಗೆ 1969ರ ಕೇರಳ ಭಾಷಾ ಕಾನೂನೇ ಕೊಟ್ಟದ್ದು. ಆದ್ರೆ ಬೇಗ ಆಗ್ಬೇಕಾದ್ರೆ ಮಲಯಾಳ ಗೊತ್ತಿದ್ದವರೊಬ್ಬರನ್ನು ಕರ್ಕೊಂಡು ಹೋಗುವುದೇ ಸುಲಭ, ನಿಜ ಹೇಳ್ತೇನೆ.

ಮಗಳ ಮದುವೆಗೂ ಇದೇ ನಿಧಿಯಿಂದ ಸಹಾಯ ಉಂಟು, ಈಗ 1 ಲಕ್ಷ, ಇಬ್ಬರು ಹೆಣ್ಣುಮಕ್ಕಳವರೆಗೆ, ಇದಕ್ಕೆ ಪೆನ್ಷನ್ ಇದ್ದವರೂ ಹಾಕ್ಬಹುದು. ಮದುವೆ ಆಗಿ 180 ದಿನದೊಳಗೆ ಹಾಕ್ಬೇಕು, ಪಂಚಾಯತಿನ ಮದುವೆ ಸರ್ಟಿಫಿಕೇಟ್ ತಡ ಮಾಡಿದ್ರೆ ಅಷ್ಟೇ.

ಪೆನ್ಯುರಿ ಒಮ್ಮೆ ಪಾಸಾದ ಮೇಲೆ ವರ್ಷಕ್ಕೊಮ್ಮೆ ಲೈಫ್ ಸರ್ಟಿಫಿಕೇಟ್ ಕೊಡ್ಲಿಕ್ಕುಂಟು. ಮರೆತ್ರೆ ಅಜ್ಜ ಜಗಲಿಯಲ್ಲಿ ಕೂತು ಎಲೆ ಅಡಿಕೆ ತಿನ್ತಿದ್ರೂ ದುಡ್ಡು ನಿಲ್ತದೆ, ಮೊಬೈಲಲ್ಲಿ ಈಗಲೇ ತಾರೀಕು ಹಾಕಿ ಇಡಿ.